ಐದರಿಂದ ಭಾಗಿಸಿದ ಕೊಬ್ಬು

ಸೇಡಂನಲ್ಲಿ ಮಾಡಿಸಿ, ಶಹಾಬಾದಿನಲ್ಲಿ ಮಾಡಿಸಿ, ‘ಲಿಪಿಡ್ ಪ್ರೊಫೈಲ್’ ಎಂಬ ಹಾಳೆಯ ಚಹರೆ ಒಂದೇ. ಒಟ್ಟು ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಎಲ್‌ಡಿಎಲ್, ವಿಎಲ್‌ಡಿಎಲ್, ಕೆಳಗೆ ಒಂದೆರಡು ಅನುಪಾತ. ಎಲ್ಲ ಸೇರಿ ಏಳೆಂಟು ಸಾಲು. ಎದುರಿಗೆ ಅಂಕಿ, ಅದರ ಪಕ್ಕ ‘ಇಷ್ಟಿರಬೇಕು’ ಎಂಬ ಮಿತಿ, ಮಿತಿ ದಾಟಿದ್ದರೆ ದಪ್ಪ ಅಕ್ಷರ. ನೋಡಿದವರಿಗೆ ಎಲ್ಲವನ್ನೂ ಯಂತ್ರವೇ ರಕ್ತದಿಂದ ಅಳೆದು ತೆಗೆದಿದೆ ಅನ್ನಿಸುತ್ತದೆ.

ಹಾಗಲ್ಲ. ಬಹಳಷ್ಟು ಲ್ಯಾಬುಗಳಲ್ಲಿ ಅಳೆಯುವುದು ಮೂರನ್ನೇ: ಒಟ್ಟು ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್, ಎಚ್‌ಡಿಎಲ್. ಮಿಕ್ಕಿದ್ದು ಕೂಡಿ ಕಳೆದು ಭಾಗಿಸಿ ಬರೆದದ್ದು. ವೈದ್ಯರು ಮೊದಲು ಕಣ್ಣು ಹಾಯಿಸುವ, ಮಾತ್ರೆ ಶುರು ಮಾಡುವುದೋ ಬೇಡವೋ ಎಂದು ತೀರ್ಮಾನಿಸುವ ಎಲ್‌ಡಿಎಲ್ ಕೂಡ ಆ ಲೆಕ್ಕದ ಸಾಲಿನಲ್ಲೇ ಇದೆ. ಅನುಮಾನವಿದ್ದವರು ತಮ್ಮ ಹಳೆಯ ವರದಿಯನ್ನೇ ತೆಗೆದು ನೋಡಬಹುದು. ವಿಎಲ್‌ಡಿಎಲ್ ಎದುರಿನ ಅಂಕಿಯನ್ನು ಐದರಿಂದ ಗುಣಿಸಬೇಕು. ಉತ್ತರ ಟ್ರೈಗ್ಲಿಸರೈಡಿಗೆ ಸರಿಯಾಗಿ ಹೊಂದಿದರೆ (ಟ್ರೈಗ್ಲಿಸರೈಡ್ 185, ವಿಎಲ್‌ಡಿಎಲ್ 37 ಎಂಬಂತೆ) ವಿಎಲ್‌ಡಿಎಲ್ ಅನ್ನು ಯಾರೂ ಅಳೆದಿಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಮತ್ತು ಆ 37 ಎರಡನ್ನೂ ಕಳೆದಾಗ ಎಲ್‌ಡಿಎಲ್ ಸಿಕ್ಕಿಬಿಟ್ಟರೆ ಅದೂ ಲೆಕ್ಕದ್ದೇ.

ಇದರಲ್ಲಿ ಮೋಸವೇನೂ ಇಲ್ಲ. ಜಗತ್ತಿನ ಬಹುತೇಕ ಲ್ಯಾಬುಗಳು ಅರ್ಧ ಶತಮಾನದಿಂದ ಹೀಗೇ ನಡೆಸಿಕೊಂಡು ಬಂದಿವೆ. ತೊಂದರೆ ಇರುವುದು ಬೇರೆ ಕಡೆ. ಆ ಲೆಕ್ಕ ಯಾರ ರಕ್ತಕ್ಕೆ ಚೆನ್ನಾಗಿ ಹೊಂದುವುದಿಲ್ಲವೋ ಅಂಥವರ ಸಂಖ್ಯೆ ನಮ್ಮಲ್ಲಿ ದೊಡ್ಡದು.

ಕಲಬುರಗಿ ಜಿಲ್ಲೆಯ ಪೂರ್ವ ಭಾಗದ ಈ ಸೀಮೆ ಸುಣ್ಣಕಲ್ಲಿನದು. ಮನೆಮನೆಯ ನೆಲಕ್ಕೆ ಹಾಸುವ ಫರಸಿಗೆ ಶಹಾಬಾದಿನದೇ ಹೆಸರು. ವಾಡಿ, ಸೇಡಂ, ಮಳಖೇಡ, ಚಿಂಚೋಳಿ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಲ್ಲಿ ಹಗಲು–ರಾತ್ರಿ ಪಾಳಿ ನಡೆಯುತ್ತದೆ. ಕಲ್ಲುಗಣಿಯ ಕಾರ್ಮಿಕರಿಗೆ ಐದು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಲೇಬೇಕು ಎಂದು 1955ರ ಗಣಿ ನಿಯಮಗಳು ಹೇಳುತ್ತವೆ. ಅಲ್ಲಿ ಮುಖ್ಯ ಚಿಂತೆ ಪುಪ್ಪುಸದ್ದು, ದೂಳಿನದು. ಕೊಲೆಸ್ಟ್ರಾಲ್ ಪರೀಕ್ಷೆಗೆ ಜನ ಬರುವ ದಾರಿ ಬೇರೆ: ಸಕ್ಕರೆ ಕಾಯಿಲೆ, ಬಿಪಿ, ಅಣ್ಣನಿಗೆ ಸ್ಟೆಂಟ್ ಹಾಕಿದ ಸುದ್ದಿ, ಇಲ್ಲವೇ ಪೇಟೆಯ ಲ್ಯಾಬಿನ ‘ಫುಲ್ ಬಾಡಿ ಚೆಕಪ್’ ಬೋರ್ಡು.

2025ರ ಜೂನ್–ಜುಲೈನಲ್ಲಿ ಹಾಸನದಲ್ಲಿ ಸಾಲುಸಾಲಾಗಿ ಹೃದಯಾಘಾತದ ಸಾವುಗಳು ವರದಿಯಾದಾಗ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆಂದು ಜನ ಮುಗಿಬಿದ್ದರು. ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯನ್ನೇ ಮಾಡಬೇಕಾಯಿತು. ಕಲಬುರಗಿಯವರಿಗೆ ಅಷ್ಟು ದೂರ ಓಡುವ ಅಗತ್ಯ ಈಗಿಲ್ಲ. 2024ರ ಡಿಸೆಂಬರಿನಲ್ಲಿ ಜಯದೇವದ ಹೊಸ ಕಟ್ಟಡ ಇಲ್ಲಿಯೇ ತೆರೆಯಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ ಹಾಸಿಗೆಯೂ 371. ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದಯಾಘಾತವೆಂದು ಖಾತ್ರಿಯಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ 2023ರಲ್ಲಿ ಶುರುವಾಗಿದೆ. ಇವೆಲ್ಲ ಹೃದಯ ಕೈಕೊಟ್ಟ ಮೇಲಿನ ಮಾತು. ಅದಕ್ಕೂ ಹತ್ತಿಪ್ಪತ್ತು ವರ್ಷ ಮೊದಲೇ ಎಚ್ಚರಿಸಬೇಕಾದದ್ದು ಆ ಹಾಳೆಯ ಎಲ್‌ಡಿಎಲ್ ಸಾಲು.

ಕೊಲೆಸ್ಟ್ರಾಲಾಗಲಿ ಟ್ರೈಗ್ಲಿಸರೈಡಾಗಲಿ ಜಿಡ್ಡು; ನೀರಿನಂಥ ರಕ್ತದಲ್ಲಿ ತಾವಾಗಿ ಹರಿಯಲಾರವು. ಆದ್ದರಿಂದ ಯಕೃತ್ತು ಅವನ್ನು ಪ್ರೋಟೀನಿನ ಹೊದಿಕೆಯ ಕಣಗಳಲ್ಲಿ ತುಂಬಿ ಕಳಿಸುತ್ತದೆ. ವಾಡಿಯಿಂದ ಹೊರಡುವ ಸಿಮೆಂಟ್ ಲಾರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಹೊರಡುವಾಗ ತುಂಬಿದ ಲಾರಿ, ಅದು ವಿಎಲ್‌ಡಿಎಲ್. ಅದರ ಸರಕಿನಲ್ಲಿ ದೊಡ್ಡ ಪಾಲು ಟ್ರೈಗ್ಲಿಸರೈಡ್, ಸಣ್ಣ ಪಾಲು ಕೊಲೆಸ್ಟ್ರಾಲ್. ದಾರಿಯುದ್ದಕ್ಕೂ ಸ್ನಾಯುಗಳಿಗೆ, ಕೊಬ್ಬಿನ ಅಂಗಾಂಶಕ್ಕೆ ಟ್ರೈಗ್ಲಿಸರೈಡ್ ಇಳಿಸುತ್ತ ಹೋದಂತೆ ಲಾರಿ ಹಗುರಾಗುತ್ತದೆ. ಕೊನೆಗೆ ಉಳಿಯುವ, ಬಹುಪಾಲು ಕೊಲೆಸ್ಟ್ರಾಲನ್ನೇ ಹೊತ್ತ ಗಾಡಿಯೇ ಎಲ್‌ಡಿಎಲ್. ಅದನ್ನು ಯಕೃತ್ತು ಮರಳಿ ಒಳಗೆ ಎಳೆದುಕೊಳ್ಳಬೇಕು. ಎಳೆದುಕೊಳ್ಳುವ ‘ಗ್ರಾಹಿ’ಯನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಮರಳದೆ ಅಲೆಯುವ ಗಾಡಿಗಳು ರಕ್ತನಾಳದ ಗೋಡೆಯೊಳಗೆ ಸಿಕ್ಕಿಬಿದ್ದು ಕೊಬ್ಬಿನ ಗಂಟು ಕಟ್ಟುತ್ತವೆ.

ಇವನ್ನು ಬೇರೆಬೇರೆಯಾಗಿ ತೂಗಿ ನೋಡುವ ಖರೆ ದಾರಿ ಅಲ್ಟ್ರಾಸೆಂಟ್ರಿಫ್ಯೂಜ್. ರಕ್ತದ ತಿಳಿಯನ್ನು ಭಯಂಕರ ವೇಗದಲ್ಲಿ ಗಂಟೆಗಟ್ಟಲೆ ತಿರುಗಿಸಿದರೆ ಹಗುರಾದ ವಿಎಲ್‌ಡಿಎಲ್ ಮೇಲಕ್ಕೆ ತೇಲುತ್ತದೆ. ತಳದಲ್ಲಿ ಉಳಿದದ್ದರಿಂದ, ಕೊಲೆಸ್ಟ್ರಾಲನ್ನು ಯಕೃತ್ತಿಗೆ ಮರಳಿ ಒಯ್ಯುವ ಇನ್ನೊಂದು ಬಗೆಯ ಕಣವಾದ ಎಚ್‌ಡಿಎಲ್ ತೆಗೆದರೆ ಎಲ್‌ಡಿಎಲ್. ಒಂದು ಯಂತ್ರಕ್ಕೆ ಲಕ್ಷಗಟ್ಟಲೆ ರೂಪಾಯಿ, ಒಂದು ತಿರುಗಾಟಕ್ಕೆ ಒಂದು ರಾತ್ರಿ. ತಾಲ್ಲೂಕಿನ ಮಾತು ಹಾಗಿರಲಿ, ದೊಡ್ಡ ನಗರದ ಆಸ್ಪತ್ರೆಗೂ ದಿನನಿತ್ಯ ಆಗದ ಕೆಲಸ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಫ್ರೀಡ್‌ವಾಲ್ಡ್, ರಾಬರ್ಟ್ ಲೆವಿ, ಡೊನಾಲ್ಡ್ ಫ್ರೆಡ್ರಿಕ್ಸನ್ 1972ರಲ್ಲಿ ಈ ರಾತ್ರಿಯ ತಿರುಗಾಟ ತಪ್ಪಿಸುವ ದಾರಿ ಹುಡುಕಿದರು. 448 ಜನರ ರಕ್ತ ನೋಡಿದಾಗ ಅವರಿಗೆ ಕಂಡದ್ದು: ಉಪವಾಸವಿದ್ದವರ ವಿಎಲ್‌ಡಿಎಲ್ ಕಣಗಳಲ್ಲಿ ಟ್ರೈಗ್ಲಿಸರೈಡ್ ಸುಮಾರು ಐದು ಪಾಲಿದ್ದರೆ ಕೊಲೆಸ್ಟ್ರಾಲ್ ಒಂದು ಪಾಲು. ಹಾಗಾದರೆ ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿದರೆ ವಿಎಲ್‌ಡಿಎಲ್ ಕೊಲೆಸ್ಟ್ರಾಲ್ ಸಿಕ್ಕಿತು. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಕಳೆ, ಇದನ್ನೂ ಕಳೆ, ಉಳಿದದ್ದು ಎಲ್‌ಡಿಎಲ್. ಐದನೇ ತರಗತಿಯ ಲೆಕ್ಕ. ಒಟ್ಟು 200, ಎಚ್‌ಡಿಎಲ್ 45, ಟ್ರೈಗ್ಲಿಸರೈಡ್ 150 ಇದ್ದರೆ 200ರಿಂದ 45 ಮತ್ತು 30 ಹೋಗಿ 125.

ಆ ಮೂವರು ಇದನ್ನು ಬ್ರಹ್ಮಲಿಪಿ ಎಂದುಕೊಂಡಿರಲಿಲ್ಲ. ಟ್ರೈಗ್ಲಿಸರೈಡ್ 400 ದಾಟಿದವರಿಗೆ ಇದು ಬೇಡ, ಕೊಬ್ಬಿನ ಒಂದು ಅಪರೂಪದ ಆನುವಂಶಿಕ ದೋಷ ಇದ್ದವರಿಗೆ ಬೇಡ ಎಂದು ಅವರೇ ಬೇಲಿ ಹಾಕಿದ್ದರು. ಐದರಿಂದ ಭಾಗಿಸುವುದು ಒರಟು ಅಂದಾಜೆಂದೂ ಗೊತ್ತಿತ್ತು. ಆಗ ಎಲ್‌ಡಿಎಲ್ 150, 180 ಇರುವ ರೋಗಿಗಳೇ ಕಣ್ಣಮುಂದಿದ್ದರು. ಅಷ್ಟು ದೊಡ್ಡ ಮೊತ್ತದಲ್ಲಿ ವಿಎಲ್‌ಡಿಎಲ್‌ನ ಐದಾರು ಅಂಕಿಯ ಹೆಚ್ಚುಕಡಿಮೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಎಲ್‌ಡಿಎಲ್ ಅನ್ನು 50ಕ್ಕೆ ಇಳಿಸುವ ಮಾತ್ರೆಗಳು ಆಗ ಇರಲೂ ಇಲ್ಲ.

ಲೆಕ್ಕದ ಮಾತು ಬಂದಾಗ ಸೇಡಂ ತಾಲ್ಲೂಕಿನವರು ಸ್ವಲ್ಪ ಜಂಬ ಪಟ್ಟರೆ ತಪ್ಪಿಲ್ಲ. ಕಾಗಿಣಾ ದಂಡೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ರಾಜಧಾನಿ. ಒಂಬತ್ತನೇ ಶತಮಾನದಲ್ಲಿ ಅವನ ಆಶ್ರಯದಲ್ಲೇ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದದ್ದು. ಭಿನ್ನರಾಶಿಗಳನ್ನು ಕೂಡಿಸಿ ಒಡೆಯುವುದರಲ್ಲಿ ಆತನದು ಎತ್ತಿದ ಕೈ. ಅದೇ ದೊರೆಯ ಆಸ್ಥಾನದಲ್ಲಿ ಮಾಂಸಾಹಾರ ನಿಷ್ಪ್ರಯೋಜಕ ಎಂದು ವಾದಿಸಿದ ವೈದ್ಯ ಉಗ್ರಾದಿತ್ಯ ‘ಕಲ್ಯಾಣಕಾರಕ’ ಬರೆದ. ಆ ವಾದ ಈ ಸೀಮೆಯಲ್ಲಿ ಇವತ್ತಿಗೂ ಬೇರೆ ರೂಪದಲ್ಲಿ ಕೇಳುತ್ತದೆ: ‘ನಾವು ಮಾಂಸ ಮುಟ್ಟಂಗಿಲ್ರಿ, ನಮಗೆಲ್ಲಿ ಕೊಲೆಸ್ಟ್ರಾಲ್?’ ವರದಿ ಮಾತ್ರ ಊಟದ ಜಾತಿ ನೋಡುವುದಿಲ್ಲ.

ಐದರ ಸೂತ್ರ ಎಲ್ಲಿ ನಗೆಪಾಟಲಾಗುತ್ತದೆ ಎಂದು ನೋಡಬೇಕಿದ್ದರೆ ಟ್ರೈಗ್ಲಿಸರೈಡನ್ನು ಏರಿಸುತ್ತ ಹೋಗಬೇಕು. ಕುಡಿತ ಹೆಚ್ಚಿರುವ, ಸಕ್ಕರೆ ಹತೋಟಿಯಲ್ಲಿಲ್ಲದ ಒಬ್ಬನ ಒಟ್ಟು ಕೊಲೆಸ್ಟ್ರಾಲ್ 210, ಎಚ್‌ಡಿಎಲ್ 30, ಟ್ರೈಗ್ಲಿಸರೈಡ್ 950 ಎಂದಿಟ್ಟುಕೊಳ್ಳಿ. ಇಂಥವರ ರಕ್ತದ ತಿಳಿ ನಳಿಕೆಯಲ್ಲಿ ಹಾಲಿನ ಹಾಗೆ ಬೆಳ್ಳಗೆ ನಿಲ್ಲುತ್ತದೆ, ಲ್ಯಾಬಿನವರಿಗೆ ಕಂಡ ಕೂಡಲೇ ಗೊತ್ತಾಗುತ್ತದೆ. 950ನ್ನು ಐದರಿಂದ ಭಾಗಿಸಿದರೆ 190. 210ರಲ್ಲಿ 30 ಕಳೆದು, 190 ಕಳೆದರೆ ಸೊನ್ನೆಗಿಂತ ಹತ್ತು ಕಡಿಮೆ! ರಕ್ತದಲ್ಲಿ ಸಾಲದ ಕೊಲೆಸ್ಟ್ರಾಲ್ ಇರಲು ಸಾಧ್ಯವಿಲ್ಲವಲ್ಲ. ಇಷ್ಟು ಕೆಟ್ಟರೆ ಯಾರಾದರೂ ಹಿಡಿಯುತ್ತಾರೆ, ಒಳ್ಳೆಯ ಲ್ಯಾಬು ಎಲ್‌ಡಿಎಲ್ ಸಾಲನ್ನೇ ಖಾಲಿ ಬಿಡುತ್ತದೆ. ಕಣ್ಣಿಗೆ ಬೀಳದೆ ದಾಟಿಹೋಗುವುದು 200ರಿಂದ 400ರ ನಡುವಿನ ಟ್ರೈಗ್ಲಿಸರೈಡ್. ಸೂತ್ರಕಾರರು ಹಾಕಿದ ಬೇಲಿಯ ಒಳಗೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಅಲ್ಲಿ ಆಗುವುದು ಇಷ್ಟು. ಟ್ರೈಗ್ಲಿಸರೈಡ್ ಹೆಚ್ಚಿದವರ ರಕ್ತದಲ್ಲಿ ಲಾರಿಗಳ ಸಂಖ್ಯೆ ಮಾತ್ರ ಏರುವುದಿಲ್ಲ, ಒಂದೊಂದು ಲಾರಿಯ ಹೇರೂ ಬದಲಾಗುತ್ತದೆ. ಒಂದು ಪಾಲು ಕೊಲೆಸ್ಟ್ರಾಲಿಗೆ ಐದಲ್ಲ, ಏಳೋ ಎಂಟೋ ಪಾಲು ಟ್ರೈಗ್ಲಿಸರೈಡ್. ಸೂತ್ರ ಮಾತ್ರ ಐದರಿಂದಲೇ ಭಾಗಿಸುತ್ತದೆ. ವಿಎಲ್‌ಡಿಎಲ್ ಪಾಲಿಗೆ ಇಲ್ಲದ ಕೊಲೆಸ್ಟ್ರಾಲನ್ನು ಬರೆದು, ಅಷ್ಟನ್ನೂ ಎಲ್‌ಡಿಎಲ್ ಖಾತೆಯಿಂದ ಕಡಿಯುತ್ತದೆ. ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆ ಎಂದು ಮುದ್ರಣವಾಗುತ್ತದೆ. ತಪ್ಪು ಯಾವ ಕಡೆ ವಾಲಿದೆ ನೋಡಿ: ಹೆದರಬೇಕಾದವನಿಗೆ ಧೈರ್ಯ ಹೇಳುವ ಕಡೆ.

ಭಾರತೀಯರ ರಕ್ತದ ವೈಖರಿಯೂ ಇದೇ ದಿಕ್ಕಿನದು. ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಮೊದಲ ಹಂತದ ಫಲಿತಾಂಶ (ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಡ) 2014ರಲ್ಲಿ ಬಂದಾಗ ಪರೀಕ್ಷೆಗೊಳಗಾದವರಲ್ಲಿ ನೂರಕ್ಕೆ 72 ಮಂದಿಗೆ ಎಚ್‌ಡಿಎಲ್ ಕಡಿಮೆ, ಸುಮಾರು 30 ಮಂದಿಗೆ ಟ್ರೈಗ್ಲಿಸರೈಡ್ ಜಾಸ್ತಿ. ಎಲ್‌ಡಿಎಲ್ ಜಾಸ್ತಿ ಇದ್ದವರು 12 ಮಂದಿ ಮಾತ್ರ. ಇಡೀ ದೇಶದ ಚಿತ್ರ 2023ರಲ್ಲಿ ಬಂದಾಗ ಎಲ್‌ಡಿಎಲ್ ಹೆಚ್ಚಿದ್ದವರ ಪಾಲು ಸುಮಾರು 21ಕ್ಕೆ ಏರಿತ್ತು, ಸಕ್ಕರೆ ಕಾಯಿಲೆ 11.4ರಷ್ಟು ಮಂದಿಗೆ. ಸಕ್ಕರೆ, ಹೊಟ್ಟೆಯ ಬೊಜ್ಜು, ಏರಿದ ಟ್ರೈಗ್ಲಿಸರೈಡ್, ಇಳಿದ ಎಚ್‌ಡಿಎಲ್: ಈ ನಾಲ್ಕೂ ಒಂದೇ ಮೈಯಲ್ಲಿ ಸೇರುವುದು ನಮ್ಮಲ್ಲಿ ದಿನದ ಮಾತು. ಅಂಥ ಮೈಯಲ್ಲೇ ಐದರ ಸೂತ್ರ ಎಡವುವುದು.

ಈ ಸೀಮೆಯ ಊಟ ಹಾಳಾಗಿದೆ ಎಂದು ಒಂದೇ ಮಾತಿನಲ್ಲಿ ಬೈಯುವುದು ಅನ್ಯಾಯ. ಜೋಳದ ರೊಟ್ಟಿ, ತೊಗರಿಬೇಳೆ (2019ರಲ್ಲಿ ಭೌಗೋಳಿಕ ಸೂಚಿ ಪಡೆದ ಕಲಬುರಗಿ ತೊಗರಿ), ಪುಂಡಿಪಲ್ಯ, ಶೇಂಗಾ ಹಿಂಡಿ ಇರುವ ತಾಟಿನಲ್ಲಿ ಹೃದಯಕ್ಕೆ ಆಗದ್ದು ಏನೂ ಇಲ್ಲ. ಹಳಬರು ಬಳಸುತ್ತಿದ್ದ ಕುಸುಬೆ ಎಣ್ಣೆ ಎಲ್‌ಡಿಎಲ್ ಇಳಿಸುವ ಬಗೆಯ ಕೊಬ್ಬನ್ನೇ ಹೆಚ್ಚಾಗಿ ಹೊಂದಿದೆ. ಅದರ ಜಾಗಕ್ಕೆ ಬಂದ ಪಾಮ್ ಎಣ್ಣೆ ಅದನ್ನು ಏರಿಸುವ ಬಗೆಯದು. ಟ್ರೈಗ್ಲಿಸರೈಡ್ ಏರಿಸುವುದು ಮುಖ್ಯವಾಗಿ ಸಕ್ಕರೆ, ಮೈದಾ, ರಾಶಿ ಅನ್ನ ಮತ್ತು ಹೆಂಡ. ಪಾಳಿ ಮುಗಿಸಿ ಬಂದವನು ಮಿರ್ಚಿಭಜಿಯ ಜೊತೆ ಎರಡು ಕಪ್ ಸಕ್ಕರೆ ಚಹಾ ಹೀರಿ, ರಾತ್ರಿ ಒಂದು ಕ್ವಾರ್ಟರ್ ಇಳಿಸಿದರೆ ಮಾಂಸ ತಿನ್ನದಿದ್ದರೂ ಅವನ ಟ್ರೈಗ್ಲಿಸರೈಡ್ 300ರ ಆಸುಪಾಸು ಹೋಗುವುದು ಅಚ್ಚರಿಯಲ್ಲ.

ಈಗ ಒಂದು ಲೆಕ್ಕ ಮಾಡೋಣ. ಕಾಲ್ಪನಿಕ ರೋಗಿ, ಆದರೆ ಹೃದಯ ವೈದ್ಯರ ಕೊಠಡಿಯಲ್ಲಿ ದಿನಾ ಕಾಣುವಂಥ ಅಂಕಿ. ಐವತ್ತೈದರ ವಯಸ್ಸು, ಸಕ್ಕರೆ ಇದೆ, ಸ್ಟೆಂಟ್ ಹಾಕಿ ವರ್ಷವಾಗಿದೆ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ನುಂಗುತ್ತಿದ್ದಾರೆ. ಒಟ್ಟು ಕೊಲೆಸ್ಟ್ರಾಲ್ 140, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 260. ಹಳೆಯ ಸೂತ್ರದಲ್ಲಿ ಎಲ್‌ಡಿಎಲ್ 52. ಭಾರತೀಯ ಹೃದ್ರೋಗ ತಜ್ಞರ ಸಂಘ (ಸಿಎಸ್‌ಐ) 2024ರ ಜುಲೈನಲ್ಲಿ ಹೊರಡಿಸಿದ, ದೇಶದ ಮೊದಲ ಕೊಲೆಸ್ಟ್ರಾಲ್ ಮಾರ್ಗಸೂಚಿಯಂತೆ ಹೃದಯಾಘಾತವಾದವರ, ಸ್ಟೆಂಟ್ ಹಾಕಿಸಿಕೊಂಡವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು. 52 ಅಂದರೆ ಗುರಿ ಮುಟ್ಟಿತು. ‘ಛಲೋ ಅದ, ಇದೇ ಗುಳಿಗಿ ಮುಂದುವರಿಸ್ರಿ’ ಎನ್ನುತ್ತಾರೆ ವೈದ್ಯರು.

ಅದೇ ಮೂರು ಅಂಕಿಯನ್ನು 2020ರಲ್ಲಿ ಬಂದ ಒಂದು ಹೊಸ ಸೂತ್ರಕ್ಕೆ (ಅದರ ವಿವರ ಮುಂದಿದೆ) ಹಾಕಿದರೆ ಉತ್ತರ 62. ಗುರಿ ತಪ್ಪಿತು. ಮಾತ್ರೆಯ ಪ್ರಮಾಣ ಏರಬೇಕೋ, ಇನ್ನೊಂದು ಮಾತ್ರೆ ಸೇರಬೇಕೋ ಎಂಬ ಪ್ರಶ್ನೆ ಏಳುತ್ತದೆ. ರಕ್ತ ಅದೇ, ರೋಗಿ ಅದೇ, ಯಂತ್ರ ಅದೇ. ಬದಲಾದದ್ದು ಕಂಪ್ಯೂಟರಿನೊಳಗಿನ ಒಂದು ಸಾಲು.

ಇದು ಕಾಗದದ ಮೇಲಿನ ಚಮತ್ಕಾರವಲ್ಲ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸೇತ್ ಮಾರ್ಟಿನ್ ಮತ್ತು ಸಂಗಡಿಗರು 2013ರಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ವರದಿಗಳನ್ನು ಸೆಂಟ್ರಿಫ್ಯೂಜಿನ ಅಳತೆಯ ಪಕ್ಕ ಇಟ್ಟು ನೋಡಿದರು. ಹಳೆಯ ಸೂತ್ರ ‘70ಕ್ಕಿಂತ ಕಡಿಮೆ’ ಎಂದು ಹೇಳಿದ್ದವರಲ್ಲಿ, ಟ್ರೈಗ್ಲಿಸರೈಡ್ 200ರಿಂದ 399ರವರೆಗೆ ಇದ್ದವರನ್ನಷ್ಟೇ ಆರಿಸಿದಾಗ, ನೂರಕ್ಕೆ 59 ಮಂದಿಯ ನಿಜವಾದ ಎಲ್‌ಡಿಎಲ್ 70 ಅಥವಾ ಅದಕ್ಕಿಂತ ಮೇಲಿತ್ತು. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಚೂರು ವಾಸಿಯಾಗಿರುತ್ತಿತ್ತು.

ಮಾರ್ಟಿನ್ ತಂಡದ ಪರಿಹಾರ ಸರಳ: ಎಲ್ಲರಿಗೂ ಐದೇ ಯಾಕೆ? ಟ್ರೈಗ್ಲಿಸರೈಡ್ ಎಷ್ಟು, ಎಚ್‌ಡಿಎಲ್ ಬಿಟ್ಟ ಕೊಲೆಸ್ಟ್ರಾಲ್ ಎಷ್ಟು ಎಂಬುದನ್ನು ನೋಡಿ ಭಾಜಕವನ್ನೇ ಬದಲಿಸಿದರೆ ಆಯಿತು. 180 ಮನೆಗಳ ಒಂದು ಕೋಷ್ಟಕ ಮಾಡಿದರು. ಅದರಲ್ಲಿ ಭಾಜಕ 3.1ರಿಂದ 11.9ರವರೆಗೆ ಹರಡಿದೆ. ಒಬ್ಬನಿಗೆ ಮೂರರಿಂದ ಭಾಗಿಸಬೇಕಾದಲ್ಲಿ ಇನ್ನೊಬ್ಬನಿಗೆ ಹನ್ನೆರಡರ ಹತ್ತಿರದ ಅಂಕಿಯಿಂದ! ಇವೆರಡಕ್ಕೂ ಐವತ್ತು ವರ್ಷ ಐದನ್ನೇ ಹೊಂದಿಸಿಕೊಂಡು ಬಂದದ್ದು ಆಲೋಚಿಸಿದರೆ ಸೋಜಿಗ.

2020ರದು ಅದೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಿಂದಲೇ ಬಂದ ತಿದ್ದುಪಡಿ. ಮೌರೀನ್ ಸ್ಯಾಂಪ್ಸನ್, ಅಲನ್ ರೆಮಾಲಿ ಮೊದಲಾದವರ ಈ ಸೂತ್ರ ಕಣ್ಣಿಗೆ ಕರ್ಕಶ: ಒಟ್ಟು ಕೊಲೆಸ್ಟ್ರಾಲನ್ನು 0.948ರಿಂದ ಭಾಗಿಸು, ಎಚ್‌ಡಿಎಲ್ ಅನ್ನು 0.971ರಿಂದ ಭಾಗಿಸಿ ಅದರಲ್ಲಿ ಕಳೆ, ಟ್ರೈಗ್ಲಿಸರೈಡಿಗೆ ವರ್ಗವೂ ಬೇಕು, ಕೊನೆಗೆ 9.44 ಕಳೆ. ಬೆರಳೆಣಿಕೆಯಲ್ಲಿ ಆಗುವುದಿಲ್ಲ, ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ಎರಡು ನಿಮಿಷದ ಕೆಲಸ. ಟ್ರೈಗ್ಲಿಸರೈಡ್ 800ರವರೆಗೂ ಇದನ್ನು ಬಳಸಬಹುದು ಎಂಬುದೇ ಇದರ ದೊಡ್ಡ ಗುಣ.

ನಮ್ಮವರೂ ಕೈಕಟ್ಟಿ ಕೂತಿರಲಿಲ್ಲ. ದೆಹಲಿಯ ಏಮ್ಸ್‌ನ ಆನಂದರಾಜ ಮತ್ತು ಸಹೋದ್ಯೋಗಿಗಳು 2005ರಲ್ಲೇ ಭಾರತೀಯರಿಗೆಂದು ಒಂದು ಸೂತ್ರ ಕಟ್ಟಿದರು. ಅದರಲ್ಲಿ ಎಚ್‌ಡಿಎಲ್‌ಗೆ ಜಾಗವೇ ಇಲ್ಲ: ಒಟ್ಟು ಕೊಲೆಸ್ಟ್ರಾಲಿನ ಹತ್ತರಲ್ಲಿ ಒಂಬತ್ತು ಪಾಲು ತೆಗೆದುಕೊಂಡು, ಟ್ರೈಗ್ಲಿಸರೈಡಿನ ಐದನೇ ಒಂದರ ಹತ್ತರಲ್ಲಿ ಒಂಬತ್ತು ಪಾಲು ಕಳೆದು, ಮೇಲೆ 28 ಕಳೆಯುವುದು. ಎಚ್‌ಡಿಎಲ್ ಪರೀಕ್ಷೆಯ ಖರ್ಚು ಉಳಿಯುತ್ತದೆಂಬುದು ಆಕರ್ಷಣೆ. ಒಟ್ಟು 200, ಟ್ರೈಗ್ಲಿಸರೈಡ್ 150 ಇದ್ದ ಮೊದಲ ಉದಾಹರಣೆಗೆ ಇದರ ಉತ್ತರವೂ 125. ಆದರೆ ಅದೇ ಮನುಷ್ಯನ ಎಚ್‌ಡಿಎಲ್ 45ರ ಬದಲು 30 ಇದ್ದರೂ ಇದು 125 ಎಂದೇ ಹೇಳುತ್ತದೆ, ಹಳೆಯ ಸೂತ್ರ 140 ಎನ್ನುತ್ತದೆ. ಎಚ್‌ಡಿಎಲ್ ತೀರ ಇಳಿದವರೇ ತುಂಬಿರುವ ದೇಶದಲ್ಲಿ ಎಚ್‌ಡಿಎಲ್ ಅನ್ನೇ ಬಿಟ್ಟು ಲೆಕ್ಕ ಮಾಡುವುದು ಉಳಿತಾಯದ ಆಸೆಗೆ ತೆತ್ತ ಬೆಲೆ. ಥಾಯ್ಲೆಂಡ್, ಚೀನಾ, ಇರಾನ್, ಬ್ರೆಜಿಲ್ ಕೂಡ ತಮ್ಮತಮ್ಮ ಸೂತ್ರ ಬರೆದುಕೊಂಡಿವೆ. ಇಷ್ಟೊಂದು ಸೂತ್ರಗಳಿರುವುದೇ ಯಾವುದೂ ಎಲ್ಲರಿಗೂ ಹೊಂದುವುದಿಲ್ಲ ಎಂಬುದಕ್ಕೆ ಸಾಕ್ಷಿ.

ಹಾಗಾದರೆ ಚಿತ್ತಾಪುರದ ಒಬ್ಬ ಮೇಷ್ಟ್ರು, ಕೈಯಲ್ಲಿ ಹಳೆಯ ಸೂತ್ರದ ವರದಿ ಹಿಡಿದುಕೊಂಡು ಏನು ಮಾಡಬೇಕು? ಸೂತ್ರಗಳ ಜಗಳಕ್ಕೇ ಹೋಗದ ಒಂದು ಅಂಕಿ ಅದೇ ಹಾಳೆಯಲ್ಲಿದೆ. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಕಳೆದರೆ ಬರುವುದು ‘ನಾನ್–ಎಚ್‌ಡಿಎಲ್’. ಎರಡೂ ಅಳೆದ ಅಂಕಿಗಳೇ. ಐದೂ ಇಲ್ಲ, ಭಾಜಕವೂ ಇಲ್ಲ, ಉಪವಾಸದ ಗೊಡವೆಯೂ ಇಲ್ಲ. ಎಲ್‌ಡಿಎಲ್ ಮಾತ್ರವಲ್ಲ, ರಕ್ತನಾಳಕ್ಕೆ ಅಂಟುವ ವಿಎಲ್‌ಡಿಎಲ್ ಮತ್ತು ಅರ್ಧ ಇಳಿದ ಅದರ ಶೇಷಗಳೂ ಇದರಲ್ಲಿ ಸೇರಿವೆ. ಟ್ರೈಗ್ಲಿಸರೈಡ್ 150 ದಾಟಿದವರಲ್ಲಿ ಇದನ್ನೇ ಗುರಿಯಾಗಿಟ್ಟುಕೊಳ್ಳಿ ಎನ್ನುತ್ತದೆ ಸಿಎಸ್‌ಐ ಮಾರ್ಗಸೂಚಿ. ಆರೋಗ್ಯವಾಗಿರುವವರಿಗೆ ಎಲ್‌ಡಿಎಲ್ 100ರೊಳಗೆ, ನಾನ್–ಎಚ್‌ಡಿಎಲ್ 130ರೊಳಗೆ. ಸಕ್ಕರೆ, ಬಿಪಿಯಂಥ ಹೆಚ್ಚಿನ ಅಪಾಯವಿರುವವರಿಗೆ 70 ಮತ್ತು 100. ಈಗಾಗಲೇ ಹೃದಯಾಘಾತ, ಪಾರ್ಶ್ವವಾಯು ಆದವರಿಗೆ 55 ಮತ್ತು 85. ಮೇಲಿನ ಸ್ಟೆಂಟ್ ರೋಗಿಯ ನಾನ್–ಎಚ್‌ಡಿಎಲ್ ನೋಡಿ: 140ರಲ್ಲಿ 36 ಹೋದರೆ 104. ಇರಬೇಕಾದ್ದು 85ರೊಳಗೆ. ಯಾವ ಹೊಸ ಸೂತ್ರವೂ ಇಲ್ಲದೆ, ಒಂದೇ ಕಳೆಯುವ ಲೆಕ್ಕದಲ್ಲಿ, 52ರ ಸಮಾಧಾನ ಮುರಿದುಬಿತ್ತು.

ಮಗ ಲಂಡನ್ನಿನಲ್ಲೋ ಸಿಡ್ನಿಯಲ್ಲೋ ಇದ್ದು ಅಪ್ಪನನ್ನು ಅಲ್ಲಿ ಪರೀಕ್ಷೆ ಮಾಡಿಸಿದರೆ ಅಂಕಿಗಳು 5.1, 1.8 ಎಂದು ಪುಟ್ಟದಾಗಿ ಕಂಡು ಮನೆಮಂದಿ ಖುಷಿಪಡುವುದುಂಟು. ಅದು ಮಿಲಿಮೋಲ್ ಲೆಕ್ಕ. ಕೊಲೆಸ್ಟ್ರಾಲ್ ಆದರೆ 38.67ರಿಂದ, ಟ್ರೈಗ್ಲಿಸರೈಡ್ ಆದರೆ 88.57ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ ಸಿಗುತ್ತದೆ, 5.1 ಅಂದರೆ 197.

ಇನ್ನು ಉಪವಾಸದ ಪುರಾಣ. ಬೆಳಗಿನ ಏಳಕ್ಕೆ ಲ್ಯಾಬಿನ ಬಾಗಿಲಲ್ಲಿ ಕೇಳುವ ಸಂಭಾಷಣೆ ಈ ಸೀಮೆಯ ಯಾರಿಗೂ ಹೊಸದಲ್ಲ.

‘ಖಾಲಿ ಹೊಟ್ಟಿಲೆ ಬಂದೀರೇನ್ರಿ?’

‘ಹೌದ್ರಿ. ಬರೇ ಒಂದ್ ಕಪ್ ಚಾ ಕುಡದೀನಿ.’

ಹಾಲು–ಸಕ್ಕರೆಯ ಚಹಾ ಕುಡಿದರೆ ಅದು ಉಪವಾಸವಲ್ಲ. ಒಂಬತ್ತರಿಂದ ಹನ್ನೆರಡು ಗಂಟೆ ನೀರು ಮಾತ್ರ ಎಂಬುದು ಹಳೆಯ ಕಟ್ಟಳೆ. ಈ ಕಟ್ಟಳೆಗೂ ಐದರ ಸೂತ್ರಕ್ಕೂ ನಂಟಿದೆ. ಉಂಡ ಮೇಲೆ ಟ್ರೈಗ್ಲಿಸರೈಡ್ ಏರುತ್ತದೆ, ಭಾಗಾಕಾರ ಇನ್ನಷ್ಟು ಕೆಡುತ್ತದೆ. ಸೂತ್ರದ ಸೌಕರ್ಯಕ್ಕೆ ರೋಗಿ ಹಸಿದಿರಬೇಕಾಯಿತು ಎಂದರೂ ಅತಿಯಲ್ಲ. ಚಿಂಚೋಳಿ ಕಾಡಂಚಿನ ತಾಂಡಾದಿಂದ ಮೊದಲ ಬಸ್ಸು ಹಿಡಿದು ಬರುವ ಸಕ್ಕರೆ ರೋಗಿಗೆ ಈ ಹಸಿವು ಬರಿಯ ಕಿರಿಕಿರಿಯಲ್ಲ. ಸಕ್ಕರೆಯ ಗುಳಿಗೆ ನುಂಗಿ ಏನೂ ತಿನ್ನದೆ ಕೂತರೆ ಸಕ್ಕರೆ ತೀರ ಇಳಿದು ತಲೆ ತಿರುಗುವ ಅಪಾಯ ಇದೆ. ಡೆನ್ಮಾರ್ಕ್ 2009ರಿಂದಲೇ ಉಪವಾಸದ ಷರತ್ತು ಕೈಬಿಟ್ಟಿದೆ. 2016ರಲ್ಲಿ ಯುರೋಪಿನ ತಜ್ಞರ ಒಕ್ಕೂಟ ಹೌದೆಂದಿತು, 2024ರಲ್ಲಿ ಸಿಎಸ್‌ಐ ಕೂಡ ಸಾಮಾನ್ಯ ತಪಾಸಣೆಗೆ ಉಂಡು ಬಂದರೂ ಸರಿ ಎಂದಿತು. ಟ್ರೈಗ್ಲಿಸರೈಡ್ ತುಂಬ ಹೆಚ್ಚು ಬಂದರೆ ಮಾತ್ರ ಇನ್ನೊಮ್ಮೆ ಉಪವಾಸವಿದ್ದು ನೋಡುವುದು. ಅದೇ ಚೀಟಿಯಲ್ಲಿ ಉಪವಾಸದ ಸಕ್ಕರೆ ಪರೀಕ್ಷೆಯೂ ಇದ್ದರೆ ಹಸಿದೇ ಬರಬೇಕು, ಅದು ಬೇರೆ.

‘ಇಷ್ಟೆಲ್ಲ ಯಾಕೆ, ಎಲ್‌ಡಿಎಲ್ ಅನ್ನೇ ನೇರ ಅಳೆದುಬಿಟ್ಟರೆ?’ ಎಂದು ಕೇಳುವವರಿಗೆ ‘ಡೈರೆಕ್ಟ್ ಎಲ್‌ಡಿಎಲ್’ ಎಂಬ ಪರೀಕ್ಷೆಯೂ ಇದೆ, ಹೆಚ್ಚಿನ ದುಡ್ಡಿಗೆ. ಬೇರೆ ಕಣಗಳನ್ನು ರಾಸಾಯನಿಕದಿಂದ ಮುಚ್ಚಿಹಾಕಿ ಎಲ್‌ಡಿಎಲ್‌ನದ್ದನ್ನು ಮಾತ್ರ ಬಣ್ಣಕ್ಕೆ ತಿರುಗಿಸುವ ಉಪಾಯ ಅದು. 2010ರಲ್ಲಿ ಇಂಥ ಏಳು ಬಗೆಯ ಕಿಟ್‌ಗಳನ್ನು ಸೆಂಟ್ರಿಫ್ಯೂಜಿನೊಂದಿಗೆ ಹೋಲಿಸಿದಾಗ, ಆರೋಗ್ಯವಂತರಲ್ಲಿ ಪರವಾಗಿಲ್ಲ ಎನ್ನುವಂತಿದ್ದ ಅವು ಕೊಬ್ಬಿನ ದೋಷವಿರುವವರಲ್ಲಿ ಒಂದೊಂದು ಒಂದೊಂದು ಹೇಳಿದವು. ಸೂತ್ರ ಸೋಲುವಲ್ಲಿ ಕಿಟ್ಟೂ ಸೋತರೆ ಹೆಚ್ಚಿನ ದುಡ್ಡು ಕೊಟ್ಟು ಬಂದ ಭಾಗ್ಯವೇನು? ಅದಕ್ಕಿಂತ ಅಪೊ–ಬಿ ಎಂಬ ಪರೀಕ್ಷೆ ಮೇಲು. ಪ್ರತಿ ವಿಎಲ್‌ಡಿಎಲ್, ಎಲ್‌ಡಿಎಲ್ ಕಣದ ಮೇಲೂ ಅಪೊ–ಬಿ ಪ್ರೋಟೀನು ಒಂದೇ ಒಂದು ಇರುವುದರಿಂದ ಅದು ಸರಕನ್ನಲ್ಲ, ಲಾರಿಗಳನ್ನೇ ಎಣಿಸಿದ ಹಾಗೆ.

ಪರೀಕ್ಷೆ ಮಾಡಿಸಿದ ಹೊತ್ತೂ ಮುಖ್ಯ. ಡೆಂಗಿಯಂಥ ಜ್ವರದಲ್ಲಿ, ಹೃದಯಾಘಾತವಾದ ಒಂದೆರಡು ದಿನದ ನಂತರ ಕೊಲೆಸ್ಟ್ರಾಲ್ ತಾನಾಗಿ ಇಳಿದಿರುತ್ತದೆ. ಬಸುರಿಯಲ್ಲಿ, ಥೈರಾಯ್ಡ್ ಮಂದವಾದವರಲ್ಲಿ ಏರಿರುತ್ತದೆ. ಎಲ್‌ಡಿಎಲ್ 190 ದಾಟಿದ್ದರೆ ಮನೆತನದ ದೋಷವೇ ಎಂದು ಅಣ್ಣತಮ್ಮಂದಿರ, ಮಕ್ಕಳ ರಕ್ತವನ್ನೂ ನೋಡಬೇಕಾಗುತ್ತದೆ. ಮನೆಯಲ್ಲಿ ನಲವತ್ತರ ವಯಸ್ಸಿಗೇ ಹೃದಯಾಘಾತವಾದವರಿದ್ದರೆ ಲಿಪೊಪ್ರೋಟೀನ್–ಎ ಎಂಬುದನ್ನು ಕೇಳಿ ಮಾಡಿಸುವುದು ಒಳ್ಳೆಯದು. ಅದು ಹುಟ್ಟಿನಿಂದಲೇ ಬರುವ ಅಂಕಿ, ಊಟದಿಂದ ಬದಲಾಗುವುದಿಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ನೋಡಿಸಿ ಎಂದು ಸಿಎಸ್‌ಐ ಹೇಳಿದೆ. ಸಾಮಾನ್ಯ ಲಿಪಿಡ್ ಪ್ರೊಫೈಲಿನಲ್ಲಿ ಅದರ ಕೊಲೆಸ್ಟ್ರಾಲ್ ಕೂಡ ಎಲ್‌ಡಿಎಲ್ ಸಾಲಿನೊಳಗೇ ಅಡಗಿ ಕೂತಿರುತ್ತದೆ.

ಲ್ಯಾಬಿನವರ ಕಡೆಯಿಂದ ಆಗಬೇಕಾದ ಬದಲಾವಣೆಗೆ ಹೊಸ ಯಂತ್ರ ಬೇಡ, ಹೊಸ ಕೆಮಿಕಲ್ ಬೇಡ. ವರದಿ ಮುದ್ರಿಸುವ ಸಾಫ್ಟ್‌ವೇರಿನಲ್ಲಿ ಐದರಿಂದ ಭಾಗಿಸುವ ಸಾಲನ್ನು ತೆಗೆದು 2013ರದೋ 2020ರದೋ ಸೂತ್ರ ಹಾಕಬೇಕು, ಎಲ್‌ಡಿಎಲ್ ಮುಂದೆ ‘ಲೆಕ್ಕ ಹಾಕಿದ್ದು’ ಎಂದೂ ಯಾವ ಸೂತ್ರದಿಂದ ಎಂದೂ ಬರೆಯಬೇಕು, ನಾನ್–ಎಚ್‌ಡಿಎಲ್‌ಗೆ ಒಂದು ಸಾಲು ಬಿಡಬೇಕು. ಈ ಎರಡೂ ಸೂತ್ರಗಳನ್ನು ಬಳಸಲು ಯಾರಿಗೂ ದುಡ್ಡು ಕಟ್ಟಬೇಕಾಗಿಲ್ಲ. ಅಲ್ಲಿಯವರೆಗೆ ವಾಡಿಯಲ್ಲಾಗಲಿ ಸೇಡಂನಲ್ಲಾಗಲಿ ವರದಿ ಕೈಗೆ ಬಂದಾಗ ಪೆನ್ನು ತೆಗೆದು, ಮೊದಲ ಸಾಲಿನಿಂದ ಎಚ್‌ಡಿಎಲ್ ಕಳೆದು, ಬಂದ ಅಂಕಿಯನ್ನು ಅಂಚಿನಲ್ಲಿ ಬರೆದುಕೊಂಡೇ ವೈದ್ಯರ ಕೊಠಡಿಗೆ ಹೋಗಬಹುದು. ಟ್ರೈಗ್ಲಿಸರೈಡ್ 200 ದಾಟಿದ್ದರೆ ಎಲ್‌ಡಿಎಲ್‌ಗಿಂತ ಮೊದಲು ಆ ಅಂಕಿಯನ್ನೇ ತೋರಿಸಿ ಕೇಳಬೇಕು.